ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಕಾನೂನು ಹೋರಾಟವನ್ನೇ ವೃತ್ತಿ ಮಾಡಿಕೊಳ್ಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸವೆಂದರೆ ನಿಜಕ್ಕೂ ಏನು? ದಿನವೂ ಕೋರ್ಟಿಗೆ ಹೋಗುವುದೇ?

ಕೋರ್ಟಿನ ಪಾಲು ಕಡಿಮೆ. ಹೆಚ್ಚು ಹೊತ್ತು ಹಿಡಿಯುವುದು ಅಧಿಸೂಚನೆ ಓದುವುದು, ಮಾಹಿತಿ ಹಕ್ಕಿನಡಿ ಕಾಗದ ತರಿಸುವುದು, ಬಂದ ಕಾಗದವನ್ನು ನಿಯಮದ ಪಕ್ಕದಲ್ಲಿಟ್ಟು ಹೋಲಿಸುವುದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಮನವಿ ಬರೆಯುವುದು, ಕರಡು ನಿಯಮಕ್ಕೆ ಆಕ್ಷೇಪಣೆ ಸಲ್ಲಿಸುವುದು. ಪ್ಲಾಸ್ಟಿಕ್ ವಿಷಯದಲ್ಲಿ ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಯಾವ ನಿಯಮ ಯಾವ ಅಧಿಕಾರಿಗೆ ಯಾವ ತಾರೀಖಿನೊಳಗೆ ಏನು ಮಾಡೆಂದು ಹೇಳಿದೆ, ಆತ ಮಾಡಿದ್ದಾನೋ ಇಲ್ಲವೋ ಎಂದು ಪಟ್ಟು ಹಿಡಿದು ಕೇಳುವವರ ಬರವಿದೆ. ಆ ಕೇಳುವ ಕೆಲಸವೇ ಈ ವೃತ್ತಿ.

ವಕೀಲರೇ ಆಗಿರಬೇಕೇ?

ಇಲ್ಲ. ಭಾರತದ ಕಸದ ಕಾನೂನಿನ ಮೂಲಕ್ಕೆ ಹೋದರೆ ಸಿಗುವ ಹೆಸರು ಬೆಂಗಳೂರಿನ ಅಲ್ಮಿತ್ರಾ ಪಟೇಲ್. ಅವರು ಇಂಜಿನಿಯರ್. 1996ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹಾಕಿದ ರಿಟ್ ಅರ್ಜಿಯ ಬೆನ್ನಿಗೇ 2000ದಲ್ಲಿ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. ಅದೇ ಅರ್ಜಿ 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಗಿ, 2016ರ ಡಿಸೆಂಬರ್ 22ರಂದು ಆದೇಶ ಬಂತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದದ್ದು ಅದರಲ್ಲೇ. ಒಂದು ಅರ್ಜಿಗೆ ಇಪ್ಪತ್ತು ವರ್ಷ. ಈ ವೃತ್ತಿಯ ಕಾಲಮಾನದ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹಸಿರು ನ್ಯಾಯಮಂಡಳಿಯಲ್ಲಿ, ಅಂದರೆ ಎನ್‌ಜಿಟಿಯಲ್ಲಿ, ಅರ್ಜಿದಾರರು ಖುದ್ದಾಗಿ ವಾದಿಸಬಹುದು. ಹೈಕೋರ್ಟಿನಲ್ಲೂ ಖುದ್ದು ಹಾಜರಾಗಲು ಅವಕಾಶವಿದೆ. ಆದರೆ ಇದನ್ನೇ ಜೀವನೋಪಾಯ ಮಾಡಿಕೊಳ್ಳುವ ಯೋಚನೆಯಿದ್ದರೆ ಕಾನೂನು ಪದವಿ ಇರಲಿ: ಪಿಯುಸಿ ನಂತರ ಐದು ವರ್ಷ, ಇಲ್ಲವೇ ಬೇರೆ ಪದವಿಯಾದ ಮೇಲೆ ಮೂರು ವರ್ಷ. ರಸಾಯನಶಾಸ್ತ್ರವನ್ನೋ ಪರಿಸರ ಇಂಜಿನಿಯರಿಂಗನ್ನೋ ಓದಿ ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವರಿಗೆ ಇಲ್ಲಿ ಒಂದು ಕೈ ಮೇಲು, ಪ್ರಯೋಗಾಲಯದ ವರದಿ ಓದಲು ಅವರಿಗೆ ಬೇರೊಬ್ಬರು ಬೇಕಿಲ್ಲ.

ಸನ್ನದು (ವಕೀಲಿಕೆಯ ಪರವಾನಗಿ) ಪಡೆದು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಸಂಬಳಕ್ಕೆ ಸೇರಬಹುದೇ?

ಸೇರಬಹುದು, ಆದರೆ ಆಗ ವಕಾಲತ್ತು ಹಾಕುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರರು ವಕೀಲಿ ವೃತ್ತಿ ನಡೆಸಬಾರದು. ಕೆಲಸಕ್ಕೆ ಸೇರಿದೊಡನೆ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿಡಬೇಕು. ಹೊಸಬರು ಎಡವುವುದು ಇಲ್ಲೇ. ಸಂಸ್ಥೆಯಿಂದ ತಿಂಗಳ ಸಂಬಳ ಪಡೆಯುತ್ತಲೇ ಅದರ ಪರ ಕೋರ್ಟಿನಲ್ಲಿ ನಿಂತರೆ, ಎದುರು ಪಕ್ಷದವರು ಅದನ್ನೇ ಹಿಡಿದು ನಿಮ್ಮ ಮೇಲೆ ದೂರು ಕೊಡಬಹುದು.

ಬಹಳ ಜನ ಹಿಡಿಯುವ ದಾರಿ ಎರಡು. ಸಂಶೋಧನೆ, ನೀತಿ, ಪ್ರಚಾರದ ಕೆಲಸಕ್ಕೆ ಸಂಬಳದ ಹುದ್ದೆ, ಸನ್ನದು ಅಮಾನತಿನಲ್ಲಿ. ಇಲ್ಲವೇ ಸ್ವತಂತ್ರ ವಕೀಲಿಕೆ, ಸಂಸ್ಥೆಯಿಂದ ಪ್ರಕರಣಕ್ಕಿಷ್ಟು ಎಂದು ಶುಲ್ಕ. ನೋಂದಣಿ ಶುಲ್ಕದ ಬಗ್ಗೆ ಒಂದು ಮಾತು: 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125 ರೂಪಾಯಿ ಮೀರಿ ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ.

ಮೊದಲು ಯಾವ ಕಾನೂನು ಓದಬೇಕು?

ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016. ಅದಕ್ಕಾದ 2018, 2021, 2022, 2023, 2024, 2025ರ ತಿದ್ದುಪಡಿಗಳನ್ನು ಒಂದೊಂದಾಗಿ ಮೂಲ ನಿಯಮದೊಳಗೆ ಬರೆದುಕೊಂಡು ನಿಮ್ಮದೇ ಒಂದು ಪ್ರತಿ ತಯಾರಿಸಿ. ಬೇಸರದ ಕೆಲಸವೇ, ಆದರೆ ಹಳೆಯ ಪಾಠ ಇಟ್ಟುಕೊಂಡು ಅರ್ಜಿ ಬರೆದು ಮೊದಲ ವಿಚಾರಣೆಯಲ್ಲೇ ಮುಖಭಂಗವಾಗುವುದಕ್ಕಿಂತ ವಾಸಿ.

ಆಮೇಲೆ ಇದರ ತಾಯಿಬೇರು: ಪರಿಸರ (ಸಂರಕ್ಷಣೆ) ಕಾಯಿದೆ, 1986. 5ನೇ ಕಲಮು ನಿರ್ದೇಶನ ಕೊಡುವ ಅಧಿಕಾರದ್ದು, 15ನೆಯದು ಶಿಕ್ಷೆಯದು. ಇಲ್ಲೊಂದು ದೊಡ್ಡ ಬದಲಾವಣೆಯಾಗಿದೆ. ಮೊದಲು ಐದು ವರ್ಷದವರೆಗೆ ಜೈಲು ಎಂದಿದ್ದ 15ನೇ ಕಲಮನ್ನು ಜನ ವಿಶ್ವಾಸ್ ಕಾಯಿದೆ, 2023 ತೆಗೆದುಹಾಕಿ, 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನಾಗಿಸಿತು. 2024ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ದಂಡ ನಿರ್ಧರಿಸುವುದು ಮ್ಯಾಜಿಸ್ಟ್ರೇಟರಲ್ಲ, ಸರ್ಕಾರ ನೇಮಿಸುವ ನ್ಯಾಯನಿರ್ಣಯಾಧಿಕಾರಿ. ‘ಐದು ವರ್ಷ ಜೈಲು’ ಎಂದು ಬೆದರಿಸುವ ಹಳೆಯ ನೋಟಿಸಿನ ನಕಲು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ. ಅದನ್ನು ಬಳಸಬೇಡಿ.

ಸಂವಿಧಾನದಲ್ಲಿ ಬದುಕುವ ಹಕ್ಕಿನ 21, ಪರಿಸರ ರಕ್ಷಣೆಯ ಹೊಣೆ ಹೇಳುವ 48ಎ, 51ಎ(ಜಿ) ವಿಧಿಗಳು, ಜೊತೆಗೆ 19(1)(ಜಿ) ಮತ್ತು 19(6). ವ್ಯಾಪಾರದ ಸ್ವಾತಂತ್ರ್ಯ ಕೊಡುವ 19(1)(ಜಿ) ಎದುರು ಪಕ್ಷದ ಆಯುಧ, ಸಾರ್ವಜನಿಕ ಹಿತಕ್ಕಾಗಿ ಅದಕ್ಕೆ ಮಿತಿ ಹಾಕಬಹುದೆನ್ನುವ 19(6) ನಿಮ್ಮ ಗುರಾಣಿ. ಅದಕ್ಕೇ ಚೆನ್ನಾಗಿ ತಿಳಿದಿರಬೇಕು.

ಕೇಂದ್ರ 120 ಮೈಕ್ರಾನ್ ಎನ್ನುತ್ತದೆ, ಕರ್ನಾಟಕ ಪೂರ್ತಿ ನಿಷೇಧ ಎನ್ನುತ್ತದೆ. ಯಾವುದು ನಡೆಯುತ್ತದೆ?

ಕರ್ನಾಟಕದೊಳಗೆ ಕರ್ನಾಟಕದ್ದು. ಕೇಂದ್ರದ ನಿಯಮ ಕೈಚೀಲದ ದಪ್ಪವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿತು: 2011ರಲ್ಲಿ 40 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ತೆಳು ಕವರನ್ನು ಆಯ್ದು ಗುಜರಿಗೆ ಹಾಕಿದರೆ ಕೂಲಿಯೂ ಗಿಟ್ಟುವುದಿಲ್ಲ, ದಪ್ಪವಾದರೆ ತೂಕ ಬರುತ್ತದೆ, ಅಂಗಡಿಯವರೂ ಬಿಟ್ಟಿ ಕೊಡಲು ಹಿಂದೆಮುಂದೆ ನೋಡುತ್ತಾರೆ. ಇದು ಅದರ ತರ್ಕ.

ಕರ್ನಾಟಕ ಈ ಮೆಟ್ಟಿಲು ಹತ್ತಲೇ ಇಲ್ಲ. 1986ರ ಕಾಯಿದೆಯ 5ನೇ ಕಲಮಿನಡಿ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರ್, ಬಂಟಿಂಗ್, ಫ್ಲೆಕ್ಸ್, ಬಾವುಟ, ಕ್ಲಿಂಗ್ ಫಿಲ್ಮ್, ಊಟದ ಮೇಜಿಗೆ ಹಾಸುವ ಹಾಳೆ, ಜೊತೆಗೆ ಥರ್ಮೋಕೋಲ್ ಮತ್ತು ಮೈಕ್ರೋಬೀಡ್‌ನಿಂದ (ಪ್ಲಾಸ್ಟಿಕ್‌ನ ಅತಿ ಸಣ್ಣ ಮಣಿ) ಆದ ವಸ್ತುಗಳನ್ನು ನಿಷೇಧಿಸಿತು. ಹಾಲಿನ ಪೊಟ್ಟಣ, ನರ್ಸರಿ ಚೀಲ, ಕಾರ್ಖಾನೆಯಲ್ಲೇ ಸರಕಿನ ಭಾಗವಾಗಿ ಮುಚ್ಚಿ ಬರುವ ಪ್ಯಾಕಿಂಗ್, ರಫ್ತಿನ ತಯಾರಿಕೆ ಹೊರಗೆ ಉಳಿದವು. ಹಾಗಾಗಿ ‘ಇದು 120 ಮೈಕ್ರಾನ್ ಸಾರ್, ಲೀಗಲ್’ ಎಂದು ಅಂಗಡಿಯವರು ತೋರಿಸುವ ಚೀಲ ಹೊಸೂರಿನಲ್ಲಿ ಏನೇ ಇರಲಿ, ಅತ್ತಿಬೆಲೆಯ ಈಚೆಗೆ ನಿಷಿದ್ಧವೇ. (ತಮಿಳುನಾಡಿನಲ್ಲೂ ಪ್ರತ್ಯೇಕ ನಿಷೇಧವಿದೆ, ಆ ಮಾತು ಬೇರೆ.)

2022ರ ಜುಲೈ 1ರ ಕೇಂದ್ರದ ನಿಷೇಧ ಇದರ ಮೇಲೆ ಬಂದದ್ದು. ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್, ಬಲೂನು ಮತ್ತು ಐಸ್‌ಕ್ರೀಮ್ ಕಡ್ಡಿ, ಸ್ಟ್ರಾ, ಟ್ರೇ, ಸಿಹಿತಿಂಡಿ ಪೆಟ್ಟಿಗೆ ಸುತ್ತುವ ಹಾಳೆ, 100 ಮೈಕ್ರಾನಿಗಿಂತ ತೆಳುವಾದ ಬ್ಯಾನರ್ ಇತ್ಯಾದಿ ಅದರಲ್ಲಿವೆ. ದೂರು ಬರೆಯುವಾಗ ಯಾವ ವಸ್ತು ಯಾವ ಅಧಿಸೂಚನೆಯಡಿ ಬರುತ್ತದೆಂದು ಬೇರೆ ಬೇರೆ ಬರೆಯಿರಿ. ಎರಡನ್ನೂ ಕಲಸಿದರೆ ‘ಸೂಕ್ತ ನಿಯಮ ನಮೂದಿಸಿಲ್ಲ’ ಎಂಬ ಹಿಂಬರಹ ಕೈಗೆ ಬರುತ್ತದೆ.

ಮಾಹಿತಿ ಹಕ್ಕಿನಲ್ಲಿ ಏನು ಕೇಳಬೇಕು?

‘ಪ್ಲಾಸ್ಟಿಕ್ ನಿಷೇಧಕ್ಕೆ ಏನು ಕ್ರಮ ಕೈಗೊಂಡಿದ್ದೀರಿ’ ಎಂದು ಕೇಳಬೇಡಿ. ಅದಕ್ಕೆ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದೇ ಸಾಲು ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಿ.

2016ರ ನಿಯಮಗಳ 17ನೇ ನಿಯಮ ವರದಿಗಳ ಸರಪಳಿಯನ್ನು ಕಟ್ಟಿದೆ. ಮರುಬಳಕೆ ಘಟಕದವರು ಏಪ್ರಿಲ್ 30ರೊಳಗೆ ನಮೂನೆ-4ರಲ್ಲಿ ಸ್ಥಳೀಯ ಸಂಸ್ಥೆಗೆ, ಸ್ಥಳೀಯ ಸಂಸ್ಥೆ ಜೂನ್ 30ರೊಳಗೆ ನಮೂನೆ-5ರಲ್ಲಿ ನಗರಾಭಿವೃದ್ಧಿ ಇಲಾಖೆ ಮತ್ತು ರಾಜ್ಯ ಮಂಡಳಿಗೆ, ರಾಜ್ಯ ಮಂಡಳಿ ಜುಲೈ 31ರೊಳಗೆ ನಮೂನೆ-6ರಲ್ಲಿ ಕೇಂದ್ರ ಮಂಡಳಿಗೆ, ಅದು ಆಗಸ್ಟ್ 31ರೊಳಗೆ ಕೇಂದ್ರ ಸರ್ಕಾರಕ್ಕೆ. ನಿಮ್ಮ ನಗರಸಭೆಯ ಮೂರು ವರ್ಷದ ನಮೂನೆ-5 ತರಿಸಿ ಪಕ್ಕಪಕ್ಕ ಇಡಿ. ಮೂರೂ ವರ್ಷ ಅದೇ ಅಂಕಿ ಇದ್ದರೆ ತೂಕ ಹಾಕದೆ ಬರೆದದ್ದೆಂದು ಲೆಕ್ಕ. 2019-20ರಲ್ಲಿ ದೇಶದಲ್ಲಿ 34,69,780 ಟನ್ ಪ್ಲಾಸ್ಟಿಕ್ ತ್ಯಾಜ್ಯ ಎಂಬ ಕೇಂದ್ರ ಮಂಡಳಿಯ ಅಂಕಿಯೂ ಕೆಳಗಿನಿಂದ ಹೀಗೇ ಏರಿ ಬಂದ ಕಾಗದಗಳ ಮೊತ್ತ. ಬುಡದ ನಮೂನೆ ಪೊಳ್ಳಾದರೆ ಮೇಲಿನ ಅಂಕಿಯೂ ಅಷ್ಟೇ ಗಟ್ಟಿ.

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಈ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರವಾಗುವುದುಂಟು, ಆದ್ದರಿಂದ ಐದು ದಾಖಲೆಗೆ ಐದು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಸ್ವೀಕೃತಿಯ ಮೊಹರು ಇಲ್ಲದ ಪ್ರತಿ ರದ್ದಿಗೆ ಸಮ.

ಸಾಕ್ಷ್ಯ ಹೇಗೆ ಜೋಡಿಸುವುದು? ಫೋಟೊ ಸಾಲದೇ?

ಫೋಟೊ ಬೇಕು, ಅದೊಂದೇ ಸಾಲದು. ಮೊಬೈಲಿನ ಚಿತ್ರ, ವೀಡಿಯೊಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63(4)ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. 2024ರ ಜುಲೈ 1ಕ್ಕೆ ಮೊದಲು ಇದ್ದ ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಪತ್ರಕ್ಕೂ ಇದಕ್ಕೂ ಎರಡು ವ್ಯತ್ಯಾಸ: ಈಗ ಭಾಗ ಎ ನೀವು, ಭಾಗ ಬಿ ತಜ್ಞರು ಸಹಿ ಮಾಡಬೇಕು, ಮತ್ತು ಕಡತದ ಹ್ಯಾಶ್ ಮೌಲ್ಯ (ಕಡತ ಚೂರು ಬದಲಾದರೂ ಬೇರೆಯಾಗುವ ಗುರುತಿನ ಸಂಕೇತ) ನಮೂದಿಸಬೇಕು. ಮೂಲ ಕಡತವನ್ನು ವಾಟ್ಸಾಪಿನಲ್ಲಿ ಕಳಿಸಿಕೊಂಡರೆ ಗಾತ್ರ ಕುಗ್ಗಿ ಹ್ಯಾಶ್ ಬೇರೆಯಾಗುತ್ತದೆ. ತೆಗೆದ ದಿನವೇ ಮೂಲ ಕಡತವನ್ನು ಕಂಪ್ಯೂಟರಿಗೆ ಹಾಕಿ ಹ್ಯಾಶ್ ತೆಗೆದಿಡಿ.

ವಸ್ತುವನ್ನೇ ಕೊಳ್ಳಿ. ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಮೂರು ಚೀಲ, ಬಿಲ್ ಸಮೇತ. ಮೂರನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು, ಮುಚ್ಚಿ, ದಿನಾಂಕ ಬರೆದು ಇಬ್ಬರಿಂದ ಸಹಿ ಹಾಕಿಸಿ. ಒಂದು ಪರೀಕ್ಷೆಗೆ, ಒಂದು ಮಂಡಳಿಗೆ, ಒಂದು ನಿಮ್ಮಲ್ಲಿ. ದಪ್ಪ ನೋಡಲು ಕಾಲೇಜಿನ ಸ್ಕ್ರೂ ಗೇಜ್ ಸಾಕು, ಆದರೆ ಒಂದೇ ಪದರ ಅಳೆದರೆ ತಪ್ಪು ಹೆಚ್ಚು. ಹತ್ತು ಪದರ ಒತ್ತಿ ಅಳೆದು ಹತ್ತರಿಂದ ಭಾಗಿಸಿ. ಇದು ನಿಮ್ಮ ತಿಳಿವಳಿಕೆಗಷ್ಟೇ. ಕೋರ್ಟಿಗೆ ಪ್ರಯೋಗಾಲಯದ ವರದಿಯೇ ಬೇಕು. ಮೈಸೂರಿನಲ್ಲಿ ಕೇಂದ್ರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್ ಇದೆ.

ಚೀಲದ ಮೇಲೇನಿದೆ ಓದಿ. ತಯಾರಕರ ಹೆಸರು, ನೋಂದಣಿ ಸಂಖ್ಯೆ, ದಪ್ಪ ನಮೂದಾಗಿರಬೇಕೆಂದು 2016ರ ನಿಯಮಗಳ 11ನೇ ನಿಯಮ. 2025ರ ಜುಲೈ 1ರಿಂದ ಇದನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡಿನಲ್ಲಿ ಕೊಡಲೂ ಅವಕಾಶವಿದೆ, ಸ್ಕ್ಯಾನ್ ಮಾಡಿ ನೋಡಿ. ಯಾವ ಗುರುತೂ ಇಲ್ಲದ ಚೀಲವೇ ನಿಮಗೆ ಬೇಕಾದದ್ದು, ಏಕೆಂದರೆ ಅದು ತಯಾರಾದ ಕಡೆಗೆ ದಾರಿ ಹುಡುಕಿಸುತ್ತದೆ.

ತಳ್ಳುಗಾಡಿಯವರ ಮೇಲೆ ದೂರು ಕೊಡಬೇಕೇ?

ಬೇಡ. ಸೊಪ್ಪು ಮಾರುವ ಅಜ್ಜಿಯಿಂದ ಅರ್ಧ ಕೆಜಿ ಕವರ್ ಕಸಿದು ಫೋಟೊಗೆ ನಿಲ್ಲುವ ದಾಳಿಯಿಂದ ಪೂರೈಕೆ ಒಂದು ದಿನವೂ ನಿಲ್ಲುವುದಿಲ್ಲ. ಚೀಲ ಬರುವುದು ಸಗಟು ಅಂಗಡಿಯಿಂದ, ಅಲ್ಲಿಗೆ ಗೋದಾಮಿನಿಂದ, ಗೋದಾಮಿಗೆ ಹೆಚ್ಚಾಗಿ ಬೇರೆ ಜಿಲ್ಲೆಯಿಂದ ಇಲ್ಲವೇ ರಾಜ್ಯದಿಂದ. ದೂರಿನಲ್ಲಿ ಮಹಜರಿನ ಪ್ರತಿ ಕೇಳಿ, ‘ವಶಪಡಿಸಿಕೊಂಡ ಮಾಲಿನ ಮೂಲ’ ಎಂಬ ಅಂಕಣದಲ್ಲಿ ಏನು ಬರೆದಿದ್ದಾರೆ ನೋಡಿ. ಅದು ಖಾಲಿಯಿದ್ದರೆ ಮುಂದಿನ ಮನವಿ ಅದೊಂದರ ಬಗ್ಗೆಯೇ ಇರಲಿ.

ಎನ್‌ಜಿಟಿಗೆ ಹೋಗಬೇಕೋ ಹೈಕೋರ್ಟಿಗೋ?

ನಿಯಮ ಜಾರಿಯಾಗಿಲ್ಲ ಎಂಬುದು ದೂರಾದರೆ ಎನ್‌ಜಿಟಿ. ನಿಯಮವೇ ತಪ್ಪು ಎಂಬುದು ವಾದವಾದರೆ ಹೈಕೋರ್ಟ್. ಅಧೀನ ಶಾಸನದ (ಕಾಯಿದೆಯಡಿ ಸರ್ಕಾರ ಮಾಡುವ ನಿಯಮಗಳ) ಸಿಂಧುತ್ವವನ್ನು ಎನ್‌ಜಿಟಿ ತೀರ್ಮಾನಿಸಲಾಗದೆಂದು 2019ರ ಸ್ಟರ್ಲೈಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎನ್‌ಜಿಟಿ ಇದೆಯೆಂದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಅಧಿಕಾರ ಹೋಗುವುದಿಲ್ಲ ಎಂಬುದೂ 2022ರಲ್ಲಿ ಇತ್ಯರ್ಥವಾಗಿದೆ. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ 2018ರ ಪ್ರತ್ಯೇಕ ನಿಯಮಗಳಿವೆ. ನಿಮ್ಮ ಸ್ವಂತ ಹಿತಾಸಕ್ತಿ ಇಲ್ಲವೆಂಬ ಘೋಷಣೆಯನ್ನು ಹಗುರವಾಗಿ ಬರೆಯಬೇಡಿ.

ಎನ್‌ಜಿಟಿ ಅರ್ಜಿಯ ಕ್ರಮ, ಖರ್ಚು ಹೇಗೆ? ಎಲ್ಲಿ ಕೆಡುತ್ತದೆ?

ಕರ್ನಾಟಕ ಚೆನ್ನೈನ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ಪರಿಹಾರ ಕೇಳಿದರೆ ಆ ಮೊತ್ತದ ಶೇ. 1. ಅಲ್ಲಿನ ಕಲಾಪ ಇಂಗ್ಲಿಷಿನಲ್ಲಿ, ಆದ್ದರಿಂದ ಕನ್ನಡದ ಹಿಂಬರಹ, ಮಹಜರುಗಳಿಗೆಲ್ಲ ಅನುವಾದ ಲಗತ್ತಿಸಬೇಕು. ಹೆಚ್ಚು ಖರ್ಚು ಬೀಳುವುದು ಶುಲ್ಕಕ್ಕಲ್ಲ, ಅನುವಾದ, ಟೈಪಿಂಗ್, ಪ್ರತಿಗಳಿಗೆ.

ಕೆಡುವ ಮೊದಲ ಜಾಗ ಕಾಲಮಿತಿ. ಎನ್‌ಜಿಟಿ ಕಾಯಿದೆಯ 14ನೇ ಕಲಮಿನಡಿ, ದಾವೆಯ ಕಾರಣ ‘ಮೊದಲು’ ಹುಟ್ಟಿದ ದಿನದಿಂದ ಆರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನೂ 60 ದಿನ, ಅಷ್ಟೇ. ಪರಿಹಾರ, ಪುನಃಸ್ಥಾಪನೆ ಕೇಳುವ 15ನೇ ಕಲಮಿಗೆ ಐದು ವರ್ಷ. ಮಂಡಳಿಗೆ ಪತ್ರದ ಮೇಲೆ ಪತ್ರ ಬರೆಯುತ್ತಾ ಕೂತರೆ ಆರು ತಿಂಗಳು ಹೋದದ್ದೇ ಗೊತ್ತಾಗುವುದಿಲ್ಲ. ಕೆರೆ ದಂಡೆಯಲ್ಲಿ ಸುರಿದ ರಾಶಿ ಇನ್ನೂ ಬಿದ್ದಿದ್ದರೆ ಪುನಃಸ್ಥಾಪನೆಯ ಕೋರಿಕೆಯನ್ನು ಸೇರಿಸಿ 15ನ್ನೂ ನಮೂದಿಸಿ.

ಎರಡನೆಯದು ಪ್ರತಿವಾದಿಗಳ ಪಟ್ಟಿ. ಕಾರ್ಖಾನೆಯೊಂದರ ವಿರುದ್ಧ ಆದೇಶ ಬೇಕಿದ್ದರೆ ಅದನ್ನು ಪಕ್ಷಕಾರ ಮಾಡಲೇಬೇಕು. ಎದುರಿನವರನ್ನು ಕೇಳದೆ ಕೊಟ್ಟ ಎನ್‌ಜಿಟಿ ಆದೇಶಗಳು ಸುಪ್ರೀಂ ಕೋರ್ಟಿನಲ್ಲಿ ಬಿದ್ದಿವೆ.

ಮೂರನೆಯದು ಜಂಟಿ ಸಮಿತಿ. ಎನ್‌ಜಿಟಿ ಹೆಚ್ಚಾಗಿ ಕೇಂದ್ರ ಮಂಡಳಿ, ರಾಜ್ಯ ಮಂಡಳಿ, ಜಿಲ್ಲಾಡಳಿತದವರ ಸಮಿತಿ ಮಾಡಿ ವರದಿ ಕೇಳುತ್ತದೆ. ಸಮಿತಿ ಬರುವ ಸುದ್ದಿ ಮೊದಲೇ ಹಬ್ಬಿದರೆ ಆ ದಿನ ಎಲ್ಲವೂ ಚೊಕ್ಕಟ. ಆದೇಶವಾದ ವಾರದಲ್ಲೇ ಸಮಿತಿಗೆ ನಿಮ್ಮ ಸ್ಥಳನಕ್ಷೆ, ಅಕ್ಷಾಂಶ-ರೇಖಾಂಶ, ಚಿತ್ರಗಳನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ವರದಿ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಿ. ತೀರ್ಮಾನದ ಹೊಣೆಯನ್ನೇ ಸಮಿತಿಗೆ ಬಿಟ್ಟುಕೊಡುವಂತಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗೆದ್ದ ಮೇಲೆ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಪರಿಸರ ಪ್ರಕರಣಗಳಿಗೂ ಸಲ್ಲುತ್ತದೆ. ಆದೇಶ ಕಡತ ಸೇರುತ್ತದೆ, ರಾಶಿ ಅಲ್ಲೇ ಇರುತ್ತದೆ. ಅದಕ್ಕೇ ಕೋರಿಕೆಯಲ್ಲೇ ಹೆಸರಿಸಿದ ಅಧಿಕಾರಿ, ದಿನಾಂಕ, ಅಳೆಯಬಹುದಾದ ಕೆಲಸ, ಪಾಲನಾ ವರದಿ ಸಲ್ಲಿಸುವ ಗಡುವು ಕೇಳಬೇಕು. ‘ಕ್ರಮ ಕೈಗೊಳ್ಳಲು ನಿರ್ದೇಶಿಸಿ’ ಎಂದು ಕೇಳಿದವರಿಗೆ ಅಷ್ಟೇ ಸಿಗುತ್ತದೆ. ಪಾಲಿಸದಿದ್ದರೆ ಜಾರಿ ಅರ್ಜಿ ಹಾಕಿ. ಎನ್‌ಜಿಟಿ ಕಾಯಿದೆಯ 26ನೇ ಕಲಮು ಮೂರು ವರ್ಷ ಜೈಲು ಅಥವಾ 10 ಕೋಟಿವರೆಗೆ ದಂಡದ ಮಾತಾಡುತ್ತದೆ.

ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಇಪಿಆರ್ ಎನ್ನುತ್ತಾರಲ್ಲ, ಅದರಲ್ಲಿ ವಕೀಲರಿಗೆ ಏನು ಕೆಲಸ?

ಮುಂದಿನ ಹತ್ತು ವರ್ಷದ ಕೆಲಸ ಇಲ್ಲೇ ಇದೆ. 2022ರ ಫೆಬ್ರವರಿ 16ರ ಮಾರ್ಗಸೂಚಿಯಂತೆ ತಯಾರಕರು, ಆಮದುದಾರರು, ಬ್ರ್ಯಾಂಡ್ ಒಡೆಯರು ತಾವು ಮಾರುಕಟ್ಟೆಗೆ ಬಿಟ್ಟ ಪ್ಯಾಕಿಂಗಿಗೆ ಹೊಣೆ ಹೊರಬೇಕು: 2021-22ಕ್ಕೆ ಶೇ. 25, ಮರುವರ್ಷ ಶೇ. 70, 2023-24ರಿಂದ ಶೇ. 100. ಗಟ್ಟಿ ಪ್ಲಾಸ್ಟಿಕ್ ಒಂದನೇ ವರ್ಗ, ಬಗ್ಗುವ ಹಾಳೆ ಮತ್ತು ಸ್ಯಾಶೆ ಎರಡನೆಯದು, ಚಿಪ್ಸ್ ಪೊಟ್ಟಣದಂಥ ಬಹುಪದರದ್ದು ಮೂರನೆಯದು. ಇದರಲ್ಲಿ ನಿಜವಾಗಿ ಮರುಬಳಕೆಯಾಗಬೇಕಾದ ಕನಿಷ್ಠ ಪ್ರಮಾಣ 2024-25ರಲ್ಲಿ ಗಟ್ಟಿ ಪ್ಲಾಸ್ಟಿಕ್‌ಗೆ ಶೇ. 50, ಎರಡನೇ ಮೂರನೇ ವರ್ಗಕ್ಕೆ ಶೇ. 30. ಮಿಕ್ಕದ್ದು ಸಿಮೆಂಟ್ ಗೂಡಿಗೋ ರಸ್ತೆಗೋ ಹೋಗಬಹುದು.

ಕಂಪನಿಗಳು ತಾವೇ ಸಂಗ್ರಹಿಸದೆ ಮರುಬಳಕೆದಾರರಿಂದ ಇಷ್ಟು ಟನ್ ಮರುಬಳಕೆಯಾಯಿತೆಂಬ ಪ್ರಮಾಣಪತ್ರ ಕೊಂಡು ಲೆಕ್ಕ ಚುಕ್ತಾ ಮಾಡಬಹುದು. ತೂತು ಬಿದ್ದದ್ದು ಅಲ್ಲೇ. 2023ರಲ್ಲಿ ಕೇಂದ್ರ ಮಂಡಳಿಯ ತಪಾಸಣೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ನಾಲ್ಕು ಘಟಕಗಳಿಂದ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಹೊರಬಂದವು. ಇದನ್ನು ಹಿಡಿಯುವ ಬಗೆ ಸರಳ: ಘಟಕಕ್ಕೆ ಮಂಡಳಿ ಕೊಟ್ಟ ಕಾರ್ಯಾಚರಣೆ ಸಮ್ಮತಿಯ ಪ್ರತಿ ತರಿಸಿ. ಅದರಲ್ಲಿ ದಿನಕ್ಕೆ ಇಷ್ಟು ಟನ್ ಎಂಬ ಸಾಮರ್ಥ್ಯ ಇರುತ್ತದೆ. 300 ದಿನಕ್ಕೆ ಗುಣಿಸಿ. ಮಾರಿದ ಪ್ರಮಾಣಪತ್ರದ ಟನ್ ಅದಕ್ಕಿಂತ ಹೆಚ್ಚಿದ್ದರೆ ಅಷ್ಟು ಪ್ಲಾಸ್ಟಿಕ್ ಎಲ್ಲಿ ಹೋಯಿತೆಂದು ಕೇಳಿ. ಅನುಮಾನವಿದ್ದರೆ ವಿದ್ಯುತ್ ಬಳಕೆಯನ್ನೂ ಜಿಎಸ್‌ಟಿ ಬಿಲ್ಲನ್ನೂ ತಾಳೆ ನೋಡುವಂತೆ ಮಂಡಳಿಗೆ ಬರೆಯಿರಿ.

ಕರಡು ನಿಯಮಕ್ಕೆ ಆಕ್ಷೇಪಣೆ ಬರೆದರೆ ಯಾರಾದರೂ ಓದುತ್ತಾರೆಯೇ?

ಓದಲೇಬೇಕು. ರಾಜ್ಯಪತ್ರದಲ್ಲಿ ಕರಡು ಬಂದ ಮೇಲೆ ಸಾಮಾನ್ಯವಾಗಿ 60 ದಿನ ಕಾಲಾವಕಾಶ. ಉದ್ಯಮದ ಒಕ್ಕೂಟಗಳು ಮೊದಲ ವಾರದಲ್ಲೇ ಕಳಿಸುತ್ತವೆ, ನಮ್ಮವರು 59ನೇ ದಿನ. ಕರಡಿನ ಉಪನಿಯಮ, ಈಗಿನ ಪದ, ನೀವು ಬಯಸುವ ಪದ, ಕಾರಣ ಎಂದು ನಾಲ್ಕು ಅಂಕಣ ಮಾಡಿ ಬರೆಯಿರಿ. ಭಾವುಕ ಪುಟಗಳಿಗಿಂತ ತಿದ್ದಿದ ಒಂದು ವಾಕ್ಯ ಕಡತದಲ್ಲಿ ಮುಂದೆ ಹೋಗುತ್ತದೆ. ಕರಡು ಕನ್ನಡದಲ್ಲಿ ಬಂದಿಲ್ಲವೆಂಬುದೂ ಒಂದು ಆಕ್ಷೇಪಣೆಯೇ: 2020ರ ಪರಿಸರ ಪರಿಣಾಮ ಮೌಲ್ಯಮಾಪನದ (ಇಐಎ) ಕರಡು ಅಧಿಸೂಚನೆಯನ್ನು ಪ್ರಾದೇಶಿಕ ಭಾಷೆಗಳಿಗೆ ಅನುವಾದಿಸಲು ದೆಹಲಿ ಹೈಕೋರ್ಟ್ ಹೇಳಿತ್ತು, ಅದೇ ವರ್ಷ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಹಾಕಿತ್ತು.

ನಿಷೇಧವನ್ನು ಉದ್ಯಮದವರು ಪ್ರಶ್ನಿಸಿದರೆ ಏನು ವಾದ?

ತಮಿಳುನಾಡಿನ ಪೇಪರ್ ಕಪ್ ತಯಾರಕರ ಪ್ರಕರಣ ಓದಿ. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಒಳಪದರಕ್ಕೆ ಪ್ಲಾಸ್ಟಿಕ್ ಲೇಪಿಸಿದ ಕಾಗದದ ಲೋಟದ ನಿಷೇಧವನ್ನು ಎತ್ತಿಹಿಡಿಯಿತು, ನೇಯದ ಬಟ್ಟೆಯ (ನಾನ್‌ವೋವನ್) ಚೀಲದ ವಿಷಯವನ್ನು ಮರುಪರಿಶೀಲಿಸಲು ಹೇಳಿತು. ಒಂದೇ ತೀರ್ಪಿನಲ್ಲಿ ಎರಡು ಫಲ. ಸರ್ಕಾರದ ಕಡತದಲ್ಲಿ ವಸ್ತುವಾರು ಕಾರಣವಿದ್ದರೆ ನಿಷೇಧ ನಿಲ್ಲುತ್ತದೆ, ಆದ್ದರಿಂದ ನಿಷೇಧ ಕೇಳುವಾಗಲೇ ವೈಜ್ಞಾನಿಕ ವರದಿಯನ್ನು ಕಡತಕ್ಕೆ ಸೇರಿಸಿಡುವುದು ನಿಮ್ಮ ಕೆಲಸ.

‘ಪರಿಸರಸ್ನೇಹಿ ಕವರ್’ ಎಂದು ಮಾರುವವರನ್ನು ಏನು ಮಾಡುವುದು?

ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ಐಎಸ್ 17088 ಮಾನದಂಡ ಮತ್ತು ಕೇಂದ್ರ ಮಂಡಳಿಯ ಪ್ರಮಾಣಪತ್ರ ಬೇಕು. ಸಂಖ್ಯೆ ಕೇಳಿ, ಪಟ್ಟಿಯಲ್ಲಿ ಹುಡುಕಿ. ಇಲ್ಲದಿದ್ದರೆ 2024ರ ಅಕ್ಟೋಬರಿನ ಹಸಿರು ಸುಳ್ಳು ಜಾಹೀರಾತು ಮಾರ್ಗಸೂಚಿಯಡಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು. ಸಹಾಯವಾಣಿ 1915.

ಅಂತರರಾಷ್ಟ್ರೀಯ ಒಪ್ಪಂದದ ಕೆಲಸಕ್ಕೆ ಹೋಗಬಹುದೇ?

ಹೋಗಬಹುದು. ಪ್ಲಾಸ್ಟಿಕ್ ಮಾಲಿನ್ಯ ತಡೆಗೆ ಜಾಗತಿಕ ಒಪ್ಪಂದ ಬೇಕೆಂದು 2022ರ ಮಾರ್ಚ್ 2ರಂದು ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆಯಲ್ಲಿ ನಿರ್ಣಯವಾಯಿತು. ಮಾತುಕತೆ ಉರುಗ್ವೆ, ಪ್ಯಾರಿಸ್, ನೈರೋಬಿ, ಒಟ್ಟಾವಾ, ಬುಸಾನ್ ಸುತ್ತಿ 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಒಪ್ಪಂದವಿಲ್ಲದೆ ಮುಗಿಯಿತು. ಉತ್ಪಾದನೆಗೇ ಮಿತಿ ಹಾಕಬೇಕೋ, ತ್ಯಾಜ್ಯವನ್ನಷ್ಟೇ ನೋಡಬೇಕೋ ಎಂಬುದು ಜಗಳ. ಭಾರತ ಮಿತಿಗೆ ಒಪ್ಪಿಲ್ಲ. ಇಲ್ಲಿನ ಒಂದು ನಗರಸಭೆಯ ನಮೂನೆ-5 ಓದದವರು ಅಲ್ಲಿ ಹೋಗಿ ಆಡುವ ಮಾತಿಗೆ ತೂಕ ಕಡಿಮೆ.

ಹೆಸರು ಹಾಕಿ ಬರೆದರೆ ಮಾನನಷ್ಟ ದಾವೆ ಬೀಳುವುದಿಲ್ಲವೇ?

ಬೀಳಬಹುದು. ದಾಖಲೆಯಲ್ಲಿರುವುದನ್ನು ಮಾತ್ರ, ದಾಖಲೆಯ ಸಂಖ್ಯೆ, ದಿನಾಂಕ ಸಮೇತ ಬರೆಯಿರಿ. ‘ಕಳ್ಳರು’ ಎನ್ನಬೇಡಿ, ‘ಸಮ್ಮತಿ ಪತ್ರದಲ್ಲಿ 5 ಟನ್, ಪ್ರಮಾಣಪತ್ರದಲ್ಲಿ 12 ಟನ್’ ಎನ್ನಿ. ಪ್ರಕಟಿಸುವ ಮೊದಲು ಅವರಿಗೆ ಪತ್ರ ಬರೆದು ಉತ್ತರಕ್ಕೆ ಏಳು ದಿನ ಕೊಡಿ.

ತ್ಯಾಜ್ಯ ಆಯುವವರನ್ನು ಎಲ್ಲಿ ಸೇರಿಸಿಕೊಳ್ಳುವುದು?

ಅರ್ಜಿಯ ಕರಡು ಬರೆಯುವ ಮೊದಲೇ. ಯಾವ ಪ್ಲಾಸ್ಟಿಕ್‌ಗೆ ಗುಜರಿಯಲ್ಲಿ ಬೆಲೆಯಿದೆ, ಯಾವುದು ಬೀದಿಯಲ್ಲೇ ಉಳಿಯುತ್ತದೆ ಎಂಬುದು ಯಾವ ವರದಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಹಸಿರು ದಳ ಎಂಬ ಸಂಸ್ಥೆ ಅವರನ್ನು ಸಂಘಟಿಸಿದೆ. ನಿಮ್ಮ ಕೋರಿಕೆಯಿಂದ ಅವರ ಕೂಲಿ ಹೋಗುವಂತಿದ್ದರೆ ಕೋರಿಕೆಯನ್ನು ತಿದ್ದಿ.

ಕಲಿಯಲು ಎಲ್ಲಿಗೆ ಸೇರಲಿ? ಹೊಟ್ಟೆಪಾಡು?

ಬೆಂಗಳೂರಿನಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್, ರಾಷ್ಟ್ರೀಯ ಕಾನೂನು ಶಾಲೆಯ ಪರಿಸರ ಕಾನೂನು ಕೇಂದ್ರ ಸೀರಾ, ಚೆನ್ನೈನಲ್ಲಿ ಗ್ರಾಹಕ-ನಾಗರಿಕ ಹಿತದ ಸಂಸ್ಥೆ ಕ್ಯಾಗ್ (ಲೆಕ್ಕಪರಿಶೋಧಕರ ಸಿಎಜಿ ಅಲ್ಲ), ದೆಹಲಿಯಲ್ಲಿ ಪರಿಸರ ವಕೀಲರ ಸಂಸ್ಥೆ ಲೈಫ್ ಮತ್ತು ಟಾಕ್ಸಿಕ್ಸ್ ಲಿಂಕ್ ಇವೆ. ಕಾರ್ಪೊರೇಟ್ ಕಚೇರಿಯ ವರಮಾನ ಇಲ್ಲಿಲ್ಲ. ಮೊದಲ ಕೆಲವು ವರ್ಷ ಸಿವಿಲ್ ಅಥವಾ ಸೇವಾ ಪ್ರಕರಣಗಳನ್ನು ಜೊತೆಗಿಟ್ಟುಕೊಂಡವರೇ ಉಳಿದಿದ್ದಾರೆ. ಇಪಿಆರ್ ಬಂದ ಮೇಲೆ ಕಂಪನಿಗಳಿಗೆ ಸಲಹೆ ಕೊಡುವ ಕೆಲಸಕ್ಕೂ ಬೇಡಿಕೆಯಿದೆ, ಆದರೆ ನಿನ್ನೆ ಸಲಹೆ ಕೊಟ್ಟ ಕಂಪನಿಯ ಮೇಲೆ ಇಂದು ವಕಾಲತ್ತು ಹಾಕಲಾಗದು. ಯಾವ ಕಡೆ ಎಂದು ಮೊದಲೇ ನಿರ್ಧರಿಸಿ.

ನಾಳೆಯಿಂದಲೇ ಶುರು ಮಾಡಬೇಕಿದ್ದರೆ?

ನಿಮ್ಮೂರಿನ ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಮೂರು ಮಾಹಿತಿ ಹಕ್ಕು ಅರ್ಜಿ: ಕಳೆದ ಮೂರು ವರ್ಷದ ನಮೂನೆ-5, ಪ್ಲಾಸ್ಟಿಕ್ ವಶಪಡಿಸಿಕೊಂಡ ಮಹಜರುಗಳು, ದಂಡ ವಸೂಲಿ ರಿಜಿಸ್ಟರಿನ ಪ್ರತಿ. ಒಟ್ಟು ಖರ್ಚು 30 ರೂಪಾಯಿ, ಜೊತೆಗೆ ಅಂಚೆ. ಉತ್ತರಕ್ಕೆ ಕಾಯುವ 30 ದಿನದಲ್ಲಿ 2016ರ ನಿಯಮಗಳ ಸ್ವಂತ ಪ್ರತಿ ತಯಾರಾಗಲಿ.